ಪಂಚಾಂಗದ ಅಂಚಿನಲ್ಲಿ ಕುವೈತ್ ದಿನಾರು

ಕೆಲವರ ಮನೆಗೆ ನೆಂಟರು ತಪ್ಪುವುದಿಲ್ಲ, ಕೆಲವರ ಮನೆಗೆ ಹಾವು ತಪ್ಪುವುದಿಲ್ಲ. ನನ್ನ ಅಂಗಡಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ನಾನಾಗಿ ಕರೆದವನಲ್ಲ, ಅವಾಗಿ ಬಿಟ್ಟವಲ್ಲ.

ನನ್ನದು ಉರಿಗಾಂನಲ್ಲಿ ಪೂಜಾ ಸಾಮಾನಿನ ಅಂಗಡಿ. ಹುಟ್ಟಿದ್ದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿ. ಓದಿದ್ದು ಅಲ್ಲಿನ ಶಾಲೆಯಲ್ಲಿ ಏಳನೇ ಕ್ಲಾಸು. ಬೆಳಿಗ್ಗೆ ಸ್ನಾನ, ಸಂಜೆ ದೀಪ, ನಡುವೆ ಕರ್ಪೂರ, ಊದುಬತ್ತಿ, ಅರಿಶಿನ, ಕುಂಕುಮ. ಇದರಲ್ಲಿ ಕುವೈತ್ ದೇಶದ ದಿನಾರಿಗೆ ಎಲ್ಲಿ ಜಾಗ ಅಂತ ನೀವು ಕೇಳಬಹುದು. ಇಡೀ ಬೀದಿ ಕೇಳಿದೆ, ಕೇಳಿ ನಕ್ಕಿದೆ. ನಗಲಿ. ಅವರಿಗೆ ಹೇಳಿದ್ದನ್ನೇ ನಿಮಗೂ ನಿಧಾನವಾಗಿ ಹೇಳುತ್ತೇನೆ.

೧. ತಿಂಗಳಿಗೊಮ್ಮೆ ಬೀಳುವ ಮರ

ನನ್ನ ತಂಗಿಯ ಗಂಡ ತೀರಿಕೊಂಡಾಗ ಅವಳಿಗೆ ಐದು ವರ್ಷದ ಮಗಳು. ಬಂಗಾರಪೇಟೆಯಲ್ಲಿ ತಳಪಾಯ ಹಾಕಿ ನಿಲ್ಲಿಸಿದ ಒಂದು ಸೈಟು, ಅವಳ ಗಂಡನಿಗೂ ಅವನ ಅಣ್ಣನಿಗೂ ಸೇರಿದ್ದು. ಆ ಅಣ್ಣ, ಅಂದರೆ ತಂಗಿಯ ಭಾವ, "ನೀನು ದುಡ್ಡು ಕಳ್ಸಮ್ಮ. ಕೆಳಗಡೇದು ನಂದು, ಮೇಲ್ಗಡೇದು ನಿಂದು, ಎರಡು ಮನೆ ಎಬ್ಬಿಸ್ತೀನಿ" ಅಂದರು. ತಂಗಿ ಮಗಳನ್ನು ಭಾವನ ಮನೆಯಲ್ಲೇ ಬಿಟ್ಟು, ಕುವೈತಿಗೆ ಅಡುಗೆ ಕೆಲಸಕ್ಕೆ ಹೋದಳು.

ರಜೆಗೆ ಊರಿಗೆ ಬರುವ ಹೆಂಗಸರ ಕೈಯಲ್ಲಿ ದಿನಾರಿನ ನೋಟುಗಳನ್ನೇ ಕಳಿಸುತ್ತಿದ್ದಳು. ಭಾವ ಅವನ್ನು ಬಂಗಾರಪೇಟೆಯಲ್ಲಿ ರೂಪಾಯಿ ಮಾಡಿಸಿ, ರೇಟು ಇಷ್ಟು, ದುಡ್ಡು ಇಷ್ಟು ಬಂತು ಅಂತ ಫೋನಿನಲ್ಲಿ ಹೇಳುತ್ತಿದ್ದರು. ಮೊದಲನೇ ಸಲ, "ದಿನಾರು ಬಿದ್ದೋಗೈತಮ್ಮ, ಕಮ್ಮಿ ಬಂತು" ಅಂದರು. ಎರಡನೇ ಸಲವೂ ಬಿದ್ದಿತ್ತು. ಮೂರನೇ ಸಲವೂ ಬಿದ್ದಿತ್ತು.

ಮರ ಬಿದ್ದರೆ ಒಂದು ಸಲ ಬೀಳುತ್ತದೆ. ಇದು ಎದ್ದದ್ದೇ ಕಾಣದೆ ಬೀಳುತ್ತಲೇ ಇರುವ ಮರ. ಕೇಳಿಯೇ ಬಿಡೋಣ ಅಂತ ಚಪ್ಪಲಿ ಮೆಟ್ಟಿದೆ. ತಂಗಿ ಫೋನಿನಲ್ಲೇ ತಡೆದಳು.

"ಬಾಯಿ ಮುಚ್ಕೊಂಡಿರಣ್ಣ. ಮಗು ಅವ್ರ ಮನೇಲೈತೆ. ನಾನು ಬಂದ್ಮೇಲೆ ನಾನೇ ಕೇಳ್ತೀನಿ."

ಬಾಯಿ ಮುಚ್ಚು ಅಂದಳು, ಮುಚ್ಚಿದೆ. ಕೈ ಕಟ್ಟು ಅನ್ನಲಿಲ್ಲ.

ನಾನು ಪ್ರತಿ ಗುರುವಾರ ಸರಕು ತರಲು ಬಂಗಾರಪೇಟೆಗೆ ಹೋಗುತ್ತೇನೆ. ಅಲ್ಲಿ ಸ್ಟೇಷನ್ನಿನ ಕಡೆ ಪರದೇಶದ ನೋಟು ಬದಲಾಯಿಸುವ ಅಂಗಡಿಯೊಂದಿದೆ. ಬಾಗಿಲ ಪಕ್ಕ ಕರಿಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ರೇಟು. ಆ ವಾರದಿಂದ ಗುರುವಾರ ಗುರುವಾರ ದಿನಾರಿನ ರೇಟು ನೋಡಿಕೊಂಡು ಬಂದು, ನನ್ನ ಅಂಗಡಿಯ ಮೊಳೆಗೆ ನೇತುಹಾಕಿದ ಪಂಚಾಂಗದಲ್ಲಿ, ತಿಥಿ ನಕ್ಷತ್ರದ ಪಕ್ಕದ ಅಂಚಿನಲ್ಲಿ, ಕೆಂಪು ಮಸಿಯಲ್ಲಿ ಬರೆಯತೊಡಗಿದೆ. ಬೇರೆ ಪುಸ್ತಕ ಯಾಕೆ ಇಡಲಿಲ್ಲ ಅಂದರೆ, ತಂಗಿಯ ಮೇಲಿನ ಪ್ರೀತಿಗೆ ನಾನೂ ಒಂದೆರಡು ರೂಪಾಯಿ ಏರಿಸಿ ಬರೆದೇನು ಅಂತ ನನಗೇ ಭಯ. ಪಂಚಾಂಗದಲ್ಲಿ ಸುಳ್ಳು ಬರೆಯಲು ನನ್ನ ಕೈ ಏಳುವುದಿಲ್ಲ.

ಹೆಂಡತಿ ನೋಡಿ ಹಣೆ ಚಚ್ಚಿಕೊಂಡಳು. "ದೇವ್ರ ಪಂಚಾಂಗದಾಗೆ ಪರದೇಶದ ಕಾಸು ಬರೀತೀರಲ್ಲ, ಮಡಿ ಮೈಲಿಗೆ ಬ್ಯಾಡ್ವಾ?"

"ಮೇಲೆ ಕೆಳಗೆ ತಿರುಗೋದೆಲ್ಲ ಪಂಚಾಂಗದಾಗಿರಬೇಕು ಕಣೆ. ಬರೀತೀನಿ" ಅಂದೆ.

"ಅಂಗಾದ್ರೆ ಈರುಳ್ಳಿ ರೇಟೂ ಬರೀರಿ. ಒಂಬತ್ತು ಗ್ರಹ ಸೇರಿ ಕೊಡದಿರೋ ಕಾಟ ನಂಗೆ ಅದೊಂದೇ ಕೊಡ್ತೈತೆ."

೨. ಯಾವ ಡಿಪಾರ್ಟ್‌ಮೆಂಟು

ಹಣ ಬದಲಾಯಿಸುವ ಅಂಗಡಿಯ ಯಜಮಾನರ ಕಣ್ಣು ನನ್ನ ಮೇಲೆ ಬಿತ್ತು. ಬೀಳದೆ ಏನು? ಹಣೆಗೆ ವಿಭೂತಿ ಹಚ್ಚಿದ ಒಬ್ಬ ಮನುಷ್ಯ ವಾರವಾರವೂ ಬಂದು ನಿಲ್ಲುತ್ತಾನೆ. ಕನ್ನಡಕ ಹಾಕುತ್ತಾನೆ, ಹಲಗೆ ನೋಡುತ್ತಾನೆ, ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ, ಹೋಗುತ್ತಾನೆ. ನೋಟು ಕೊಟ್ಟವನಲ್ಲ, ನೋಟು ತೆಗೆದುಕೊಂಡವನಲ್ಲ.

ಮೂರನೇ ವಾರ ಟೀ ತರಿಸಿಕೊಟ್ಟರು. ಗುರುವಾರ ಒಪ್ಪತ್ತು, ಬೇಡ ಅಂದೆ. ಟೀ ಕೂಡ ಕುಡಿಯದ ಮನುಷ್ಯ ಅಂದ ಮೇಲೆ ಅವರ ಮುಖ ಇನ್ನಷ್ಟು ಸಣ್ಣಗಾಯಿತು. ಐದನೇ ವಾರ ಕುರ್ಚಿ ಹಾಕಿಸಿದರು. ಏಳನೇ ವಾರ ನಾನು ರಸ್ತೆ ತಿರುವಿನಲ್ಲಿ ಕಂಡೊಡನೆ ಎದ್ದು ಬಂದು ಹಲಗೆಯನ್ನು ಬಟ್ಟೆಯಲ್ಲಿ ಒರೆಸಿಬಿಟ್ಟರು.

"ಅಳಿಸಿಬಿಟ್ರಲ್ಲ" ಅಂದೆ.

"ಇವತ್ತು ರೇಟು ಬಂದಿಲ್ಲ ಸರ್."

"ಬರಲಿ. ಕೂತಿರ್ತೀನಿ."

ಅವರೇ ಹಾಕಿಸಿದ್ದ ಕುರ್ಚಿ ಇತ್ತು, ಕೂತೆ. ಜಪಮಣಿ ತೆಗೆದೆ. ನೂರೆಂಟು ಮುಗಿಯಿತು, ಮತ್ತೆ ಶುರು ಮಾಡಿದೆ. ಬಂದ ಗಿರಾಕಿಗಳು ಬಾಗಿಲಲ್ಲಿ ನನ್ನನ್ನು ಕಂಡು, ಯಾರೋ ತೀರಿಹೋಗಿದ್ದಾರೆ ಅಂದುಕೊಂಡು ಹಾಗೇ ಹಿಂದಕ್ಕೆ ಹೋದರು. ಕಡೆಗೆ ಯಜಮಾನರು ಸೀಮೆಸುಣ್ಣ ಹಿಡಿದು ಎಲ್ಲಾ ರೇಟನ್ನೂ ಮುದ್ದಾಗಿ ಬರೆದರು. ನಾನು ಬರೆದುಕೊಂಡೆ. ಎದ್ದು ಹೊರಟಾಗ ಹತ್ತಿರ ಬಂದು ಪಿಸುಗುಟ್ಟಿದರು.

"ಸರ್, ರಸೀದಿ ಎಲ್ಲಾ ಸರಿಯಾಗಿ ಇಟ್ಟಿದ್ದೀನಿ. ತಾವು ಯಾವ ಡಿಪಾರ್ಟ್‌ಮೆಂಟು?"

"ಅರಿಶಿನ ಕುಂಕುಮ" ಅಂದೆ.

ಅವರು ಗೋಡೆ ಹಿಡಿದುಕೊಂಡರು. "ಅಂಥದ್ದೊಂದು ಹೊಸದಾಗಿ ಬಂದಿದೆಯಾ ಸರ್?"

೩. ಎಂಟು ಲೀಟರ್

ಒಂದು ದಿನ ಬೇತಮಂಗಲದ ಬಸ್ಸಿನಲ್ಲಿ ಬಂದ ರೈತನೊಬ್ಬ ಹಸು ಕೊಳ್ಳಲು ಒಳ್ಳೆಯ ದಿನ ಕೇಳಿದ. ನಾನು ಒಳಗೆ ಕೊಬ್ಬರಿ ತೂಗುತ್ತಿದ್ದೆ, ಇರಪ್ಪ ಅಂದೆ. ಅವನು ಇರಲಿಲ್ಲ. ತಾನೇ ಪಂಚಾಂಗ ಮಗುಚಿದ. ಕಪ್ಪು ಅಕ್ಷರದ ನಡುವೆ ಕೆಂಪು ಅಂಕಿ ಕಂಡಿತು. ಹಿಂದಿನ ವಾರದ ಕೆಂಪಿಗಿಂತ ಈ ವಾರದ ಕೆಂಪು ದೊಡ್ಡದಿತ್ತು. ಅಷ್ಟೇ ಸಾಕಾಯಿತು, ಹೋಗಿ ಹಸು ಹೊಡೆದುಕೊಂಡು ಮನೆಗೆ ಹೋದ.

ಎರಡು ತಿಂಗಳ ಮೇಲೆ ಮತ್ತೆ ಬಂದ. ಜೊತೆಗೆ ಮೂವರು.

"ಸ್ವಾಮಿ, ಒತ್ತಿಗೆ ಎಂಟು ಲೀಟರ್ ಕರೀತದೆ. ಇವ್ರಿಗೂ ಕೆಂಪಂಕಿ ಏರೋ ವಾರ ನೋಡ್ಕೊಡಿ."

ನಾನು ನಾಲ್ವರನ್ನೂ ಕೂರಿಸಿ ಸಾವಕಾಶವಾಗಿ ತಿಳಿಸಿದೆ. ಇದು ನಕ್ಷತ್ರವಲ್ಲ, ಯೋಗವಲ್ಲ, ಕರಣವಲ್ಲ. ಕುವೈತ್ ಅಂತ ಒಂದು ದೇಶ, ಅಲ್ಲಿನ ಒಂದು ದಿನಾರಿಗೆ ನಮ್ಮ ಇಷ್ಟು ರೂಪಾಯಿ. ಅದಕ್ಕೂ ಹಸುವಿಗೂ ಸಂಬಂಧವಿಲ್ಲ.

"ಕುವೈತಾದ್ರೇನು, ಇಲ್ಲೇ ಪಕ್ಕದ ಕುಪ್ಪಮಾದ್ರೇನು? ಆಲು ಬರ್ತೈತಲ್ಲ" ಅಂದ. "ಮುಂದಿನ್ ವಾರ ಏರ್ತದಾ, ಇಳೀತದಾ, ಅದೊಂದು ಏಳಿ."

"ಆಗಿದ್ದನ್ನ ಬರೀತೀನಪ್ಪ. ಆಗೋದು ಆ ಪರಮಾತ್ಮನಿಗೆ ಗೊತ್ತು."

ನಾಲ್ವರೂ ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯ ಎದ್ದು ಪಂಚೆ ಕೊಡವಿದ.

"ನಡೀರ್ಲಾ. ಪಂಚಾಂಗ ಅಚ್ಚಾಕೋರು ಬರೋ ವರ್ಷದ್ದೆಲ್ಲ ಈಗ್ಲೇ ಬರ್ದು ಮುಗಿಸವ್ರೆ. ಈವಯ್ಯ ಇನ್ನೂ ಓದ ವಾರದಾಗೇ ಅವ್ನೆ!"

೪. ತುಪ್ಪದ ದೀಪ

ದಿನಾರು ಏರಲಿ, ತಂಗಿಯ ಬೆವರಿಗೆ ನಾಲ್ಕು ಕಾಸು ಹೆಚ್ಚು ಬರಲಿ ಅಂತ ನಾನು ಪ್ರತಿ ಗುರುವಾರ ದೇವಸ್ಥಾನದಲ್ಲಿ ಒಂದು ತುಪ್ಪದ ದೀಪ ಹಚ್ಚುತ್ತಿದ್ದೆ. ಒಂದು ಆಗಸ್ಟ್ ಹದಿನೈದರಂದು ಶಾಲೆಯ ಮಕ್ಕಳು ಬಾವುಟ ಹಿಡಿದು ಅಂಗಡಿ ಮುಂದೆ ಹಾದುಹೋದರು. ಕೈ ಮುಗಿದೆ. ಮುಗಿದ ಕೈ ಹಾಗೇ ನಿಂತಿತು. ದಿನಾರು ಏರಲಿ ಅಂದರೆ ನಮ್ಮ ರೂಪಾಯಿ ಇಳಿಯಲಿ ಅಂತಲ್ಲವೇ? ಇಷ್ಟು ವರ್ಷ ತುಪ್ಪ ಸುಟ್ಟು ನಾನು ದೇಶಕ್ಕೆ ಕೇಡು ಬಯಸಿದೆನೇ?

ಓಡಿಹೋಗಿ ಪೂಜಾರಿಗಳ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಕಣ್ಣು ಮುಚ್ಚಿ ಕೇಳಿದರು.

"ನೀನು ದೀಪ ಶುರು ಮಾಡಿದ ಮೇಲೆ ರೂಪಾಯಿ ಎಷ್ಟು ಇಳಿದಿದೆ?"

"ಬಹಳ ಇಳಿದಿದೆ ಸ್ವಾಮಿ."

"ಒಂದು ದೀಪಕ್ಕೆ ಅಷ್ಟೊಂದು ಇಳಿಯಲ್ಲ. ಇನ್ನೂ ಯಾರೋ ಹಚ್ಚುತ್ತಾ ಇದ್ದಾರೆ."

"ದೀಪ ಮಾತ್ರ ನಾನು ನಿಲ್ಲಿಸಲ್ಲ ಸ್ವಾಮಿ, ತಂಗಿ ಇನ್ನೂ ಅಲ್ಲೇ ಇದ್ದಾಳೆ. ಅದಕ್ಕೊಂದು ಪ್ರಾಯಶ್ಚಿತ್ತ ಹೇಳಿ."

"ಒಂದು ಅರ್ಚನೆ ಮಾಡಿಸು" ಅಂದರು. "ದಕ್ಷಿಣೆ ಮಾತ್ರ ದಿನಾರಿನಲ್ಲೇ ಹಾಕು."

೫. ಸತ್ತ ರೇಟು

ಹನ್ನೊಂದು ವರ್ಷ ಅಡುಗೆ ಮಾಡಿ ತಂಗಿ ಊರಿಗೆ ಬಂದಳು. ಬಂಗಾರಪೇಟೆಯ ಸೈಟಿನಲ್ಲಿ ಕೆಳಗೊಂದು ಮೇಲೊಂದು ಮನೆ ಎದ್ದು ನಿಂತಿತ್ತು. ಮಗಳು ಅವಳಿಗಿಂತ ಎತ್ತರ ಬೆಳೆದಿದ್ದಳು. ಎಲ್ಲಾ ಸರಿ. ಮೇಲಿನ ಮನೆಯ ಕೀಲಿ ಕೇಳಿದಾಗ ಭಾವ ಗಂಟಲು ಸರಿಮಾಡಿಕೊಂಡರು.

"ನೀನು ಕಳ್ಸಿದ್ ದಿನಾರೆಷ್ಟು ಅಂತ ನಾನು ಇಲ್ಲ ಅನ್ನಾಕಿಲ್ಲ. ಆದ್ರೆ ಆವಾಗ ರೇಟೆಲ್ಲಿತ್ತಮ್ಮ? ಮೇಲ್ಗಡೆ ಮನೆಗೆ ಬಿದ್ದಿದ್ದು ಮುಕ್ಕಾಲು ನನ್ ದುಡ್ಡು. ಬೇಕಾದ್ರೆ ಬಾಡಿಗೆಗೆ ಇರು. ನಮ್ಮೋಳು ಅಂತ ಅಡ್ವಾನ್ಸು ಬ್ಯಾಡ."

ತಂಗಿ ಅಳಲಿಲ್ಲ. ಸೂಟ್‌ಕೇಸು ಎತ್ತಿಕೊಂಡು ಹೋಗಿ ಮೇಲಿನ ಮನೆಗೆ ಹತ್ತುವ ಮೆಟ್ಟಿಲ ನಡುವೆ ಇಟ್ಟು, ಪಕ್ಕದಲ್ಲಿ ಕೂತಳು. "ನನ್ ಮನೆಗೆ ನಾನು ಬಾಡಿಗೆ ಕೊಡಾಕಿಲ್ಲ. ಕೀಲಿ ಕೊಡೋಗಂಟ ಈ ಮೆಟ್ಟಿಲು ಬಿಡಾಕೂ ಇಲ್ಲ" ಅಂದಳು. ಬೆಳಗಾದರೆ ಬಂದು ಕೂರುವಳು, ದೀಪ ಹಚ್ಚುವ ಹೊತ್ತಿಗೆ ಎದ್ದು ಮಗಳ ಪಕ್ಕ ಮಲಗಲು ಕೆಳಗೆ ಹೋಗುವಳು. ಭಾವನ ಹೆಂಡತಿ ಪಾಪ ಒಳ್ಳೆಯವರು. ಗಂಡನಿಗೆ ಎದುರಾಡುತ್ತಿರಲಿಲ್ಲ, ಆದರೆ ಮೆಟ್ಟಿಲಿಗೆ ಹೊತ್ತು ಹೊತ್ತಿಗೆ ಕಾಫಿ ತಿಂಡಿ ತಪ್ಪಿಸುತ್ತಿರಲಿಲ್ಲ.

ನಾನು ಹನ್ನೊಂದು ಪಂಚಾಂಗಗಳನ್ನು ಚೀಲಕ್ಕೆ ಹಾಕಿಕೊಂಡು ಮೊದಲು ಬ್ಯಾಂಕಿಗೆ ಹೋದೆ. ನನ್ನ ಕೆಂಪು ಅಂಕಿಗೆ ಇನ್ನೊಂದು ಸಾಕ್ಷಿ ಇರಲಿ ಅಂತ. ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು.

"ಹನ್ನೊಂದು ವರ್ಷದ ಹಿಂದಿಂದ ಇಲ್ಲಿ ತನಕದ ದಿನಾರು ರೇಟು ಬೇಕಮ್ಮ."

"ಹಳೇ ರೇಟಿಗೆ ಈಗ ಕೊಡೋಕಾಗಲ್ಲ ಅಂಕಲ್."

"ಕೊಡಬೇಡಮ್ಮ. ಹೇಳು ಸಾಕು."

"ಇವತ್ತಿನ ರೇಟು ಹೇಳ್ತೀನಿ, ತಗೊಳ್ಳಿ."

"ಇವತ್ತಿಂದು ಹಲಗೆ ಮೇಲಿದೆ. ನನಗೆ ಅವತ್ತಿಂದು ಬೇಕು."

ಹಿಂದಿನ ಸಾಲಿನವರು ಗೊಣಗತೊಡಗಿದರು. ನಾನು ಕದಲಲಿಲ್ಲ. ಅವಳು ಪೆನ್ನು ಕೆಳಗಿಟ್ಟಳು.

"ಅಂಕಲ್, ಎಲ್ಲರೂ ನಾಳೆ ರೇಟು ಕೇಳ್ತಾರೆ, ಅದರಲ್ಲಿ ಏನೋ ಲಾಭ ಇದೆ. ಸತ್ತುಹೋದ ರೇಟು ಕಟ್ಟಿಕೊಂಡು ಏನು ಮಾಡ್ತೀರಿ?"

"ಸತ್ತೋರ ತಿಥಿ ಮಾಡೋಕೂ ದಿನ ಗೊತ್ತಿರಬೇಕಲ್ಲಮ್ಮ" ಅಂದೆ.

ನಗುತ್ತಾ ಹನ್ನೆರಡು ಹಾಳೆ ಅಚ್ಚು ಹಾಕಿ ಕೊಟ್ಟಳು. ಅಂಗಡಿಯವರು ಎರಡು ಮೂರು ರೂಪಾಯಿ ಕಮ್ಮಿ ಕೊಡುತ್ತಾರೆ, ಅಷ್ಟು ಬಿಟ್ಟುಕೊಳ್ಳಿ ಅಂದಳು. ಅಲ್ಲೇ ನಿಂತು ಪಂಚಾಂಗದ ಜೊತೆ ತಾಳೆ ನೋಡಿದೆವು. ಗುರುವಾರ ಗುರುವಾರವೂ ಅವಳ ಅಂಕಿಗೆ ಎರಡು ಮೂರು ಕಮ್ಮಿ, ಒಂದೂ ತಪ್ಪಿಲ್ಲ. ಅವಳು ಕೌಂಟರಿನ ಕಂಡಿಯಲ್ಲಿ ತಲೆ ಹಾಕಿ ಮೆಲ್ಲಗೆ ಕೇಳಿದಳು. "ಅಂಕಲ್, ನನಗೆ ವರ್ಗ ಆಗೋದು ಇದರಲ್ಲಿ ಏನಾದ್ರೂ ಬರೆದಿದೀರಾ?"

೬. ಮೆಟ್ಟಿಲ ಮೇಲಿನ ನ್ಯಾಯ

ನ್ಯಾಯ ಹೇಳಲು ಭಾವ ತಮ್ಮ ಸೋದರಮಾವನನ್ನು ಕರೆಸಿದರು. ಆಂಧ್ರದ ಗಡಿಯ ಕಡೆಯ ಹಳ್ಳಿಯ ಹಿರಿಯರು, ದಪ್ಪ ಮೀಸೆ, ಮಾತಿಗೆ ಮುಂಚೆ ಒಂದು ತೆಲುಗು. ಮೆಟ್ಟಿಲ ಕೆಳಗೆ ಕುರ್ಚಿ ಹಾಕಿ ಅವರನ್ನು ಕೂರಿಸಲಾಯಿತು. ಮೆಟ್ಟಿಲ ಮೇಲೆ ತಂಗಿ, ಪಕ್ಕದಲ್ಲಿ ಸೂಟ್‌ಕೇಸು. ಕಂಬಕ್ಕೊರಗಿ ಭಾವ. ನಾನು ಚೀಲದ ಜೊತೆ ನಿಂತಿದ್ದೆ.

ಬ್ಯಾಂಕಿನ ಹಾಳೆ ಕೊಟ್ಟೆ. ಹಿರಿಯರು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು.

"ಏಮಪ್ಪಾ, ಇದು ಮಿಷನ್ನು ಬರ್ದಿದ್ದು. ಮಿಷನ್ನು ಎಂಗೆ ಸಾಕ್ಷಿ ಏಳ್ತದೆ? ನಾಳೆ ನ್ಯಾಯಾನೂ ಅದ್ರಿಂದ್ಲೇ ಏಳಿಸ್ತೀಯಾ?"

ಭಾವ ಮೀಸೆಯಡಿ ನಕ್ಕರು. ಆಗ ನಾನು ಪಂಚಾಂಗಗಳನ್ನು ತೆಗೆದೆ. ಹನ್ನೊಂದು ವರ್ಷದ ಕರ್ಪೂರದ ವಾಸನೆ ಎದ್ದಿತು. ಹಿರಿಯರು ಎದ್ದು ನಿಂತು, ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಅವೆಲ್ಲ ನಿನ್ನೆ ಕೂತ್ಕಂಡು ಬರ್ದಿರೋದು ಮಾವ" ಅಂದರು ಭಾವ.

ಹಿರಿಯರು ಒಂದು ಪುಟ ಬೆಳಕಿಗೆ ಹಿಡಿದರು. ಕೆಂಪು ಅಂಕಿಯ ಮೇಲೆ ಎಣ್ಣೆಯ ಕಲೆ, ಅದರ ಮೇಲೆ ಅರಿಶಿನದ ಬೆರಳು, ಅಂಕಿಯ ನಡುವೆ ಜಿರಳೆ ತಿಂದ ತೂತು.

"ಜಿರಳೆನೂ ನಿನ್ನೆ ಕರೆಸಿ ತಿನ್ನಿಸ್ದನೇನ್ಲಾ? ಓದಪ್ಪ" ಅಂದರು ನನಗೆ.

ನಾನು ಓದತೊಡಗಿದೆ. ಯಾವ ವಾರ ಯಾರ ಕೈಯಲ್ಲಿ ಎಷ್ಟು ದಿನಾರು ಕಳಿಸಿದೆ ಅಂತ ತಂಗಿ ಹೇಳುವಳು, ಆ ಗುರುವಾರದ ರೇಟು ನಾನು ಹೇಳುವೆನು, ಭಾವ ಎಷ್ಟು ಅಂತ ಹೇಳಿದ್ದರು ಅಂತ ಮತ್ತೆ ತಂಗಿ. "ಆವಾಗ ನೋಟು ಅರ್ದೋಗಿತ್ತು" ಅಂದರು ಭಾವ ಒಂದಕ್ಕೆ. "ಆವಾಗ ಅಂಗ್ಡೀಲಿ ಚಿಲ್ರೆ ಇರ್ಲಿಲ್ಲ" ಅಂದರು ಇನ್ನೊಂದಕ್ಕೆ. ಹಿರಿಯರ ಮುಖದಲ್ಲಿ ಅತ್ತ ಇತ್ತ ಏನೂ ತಿಳಿಯುತ್ತಿರಲಿಲ್ಲ. ಎಷ್ಟಾದರೂ ಭಾವ ಅವರ ಅಕ್ಕನ ಮಗ.

ಅಷ್ಟರಲ್ಲಿ ಭಾವನ ಹೆಂಡತಿ ಕಾಫಿ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಅಣ್ಣ, ಆ ದೀಪಾವಳಿ ವಾರ ಎಷ್ಟು ಅಂದ್ರಿ?"

"ಇನ್ನೂರ ಹನ್ನೆರಡಮ್ಮ."

"ನಿಂಗೆಷ್ಟು ಅಂತ ಏಳಿದ್ರು?" ಅಂತ ತಂಗಿಯ ಕಡೆ ತಿರುಗಿದರು.

"ನೂರಾ ತೊಂಬತ್ತು ಅಕ್ಕ."

ಕಾಫಿ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು. "ನಂಗೆ ನೂರಾ ಎಪ್ಪತ್ತು ಅಂದ್ರು."

ಭಾವ ಕಂಬದ ಮರೆಗೆ ಸ್ವಲ್ಪ ಸರಿದರು.

"ಅಡುಗೆಮನೆ ಕಟ್ಟೆಗೆ ಒಂದು ಕಲ್ಲು ಆಕ್ಸಿ ಅಂದೆ. ದಿನಾರು ಬಿದ್ದೋಗೈತೆ ಅಂದ್ರು. ಮಿಕ್ಸಿ ಕೆಟ್ಟೋಗೈತೆ ಅಂದ್ರೆ ದಿನಾರು ಬಿದ್ದೋಗೈತೆ ಅಂದ್ರು. ಆ ಮಗೀಗೆ ಒಂದ್ ಜೊತೆ ಓಲೆ ತರಾಣ ಅಂದ್ರೂ 'ದಿನಾರು ಬಿದ್ದೋಗೈತೆ'! ಹನ್ನೊಂದು ವರ್ಷ ರುಬ್ಬೋ ಕಲ್ಲಾಗೆ ರುಬ್ಬಿವ್ನಿ ನಾನು. ಆ ಕುವೈತ್ ರಾಜಂಗೆ ಎಂಥಾ ಕಷ್ಟ ಬಂತೋ ಪಾಪ ಅಂತ ದೇವ್ರಿಗೆ ಕೈ ಮುಗ್ದಿವ್ನಿ!" ಅಂದವರು ಸೆರಗು ಸಿಕ್ಕಿಸಿಕೊಂಡು ನನ್ನ ಎದುರಿನ ಮೆಟ್ಟಿಲ ಮೇಲೆ ಕೂತರು. "ಓದಣ್ಣ. ಒಂದ್ ವಾರಾನೂ ಬಿಡ್ಬ್ಯಾಡ."

ಓದಿದೆ. ಹನ್ನೊಂದು ವರ್ಷ ಓದಿದೆ. ದುಡ್ಡು ಬಂದ ಪ್ರತಿ ವಾರಕ್ಕೂ ಮೂರು ರೇಟು ಬಂತು. ಪಂಚಾಂಗದ್ದು ಒಂದು, ತಂಗಿಗೆ ಹೇಳಿದ್ದು ಒಂದು, ಹೆಂಡತಿಗೆ ಹೇಳಿದ್ದು ಒಂದು. ಮಧ್ಯೆ ಭಾವ ಎರಡು ಸಲ ಬಾಯಿ ತೆರೆದರು. ಹೆಂಡತಿ ಬರೀ ನೋಡಿದರು, ಮುಚ್ಚಿಕೊಂಡರು.

ಮುಗಿದ ಮೇಲೆ ಭಾವ ಸೋತ ದನಿಯಲ್ಲಿ, "ಮಾವ, ನೀವಾದ್ರೂ ಒಂದ್ ಮಾತು ಏಳಿ" ಅಂದರು.

ಹಿರಿಯರು ಪಂಚಾಂಗ ಮುಚ್ಚಿದರು. "ಏಳೋದೇನೈತೆ? ದಿನಾರು ಎಷ್ಟು ಬಂದ್ವು ಅಂತ ನೀನೇ ಒಪ್ಕೊಂಡೆ. ರೇಟು ಎಷ್ಟು ಅಂತ ಪಂಚಾಂಗ ಏಳ್ತು. ಮೇಲ್ಗಡೆ ಮನೆ ಆಯಮ್ಮಂದು. ಪತ್ರ ಬರ್ಕೊಡು."

ಭಾವ ಕೀಲಿ ಹುಡುಕುವ ನಾಟಕ ಮಾಡುತ್ತಿದ್ದರು. ಅವರ ಹೆಂಡತಿ ಒಳಗೆ ಹೋಗಿ, ಅಕ್ಕಿ ಡಬ್ಬದಿಂದ ಕೀಲಿ ತೆಗೆದುಕೊಂಡು ಬಂದು ತಂಗಿಯ ಅಂಗೈಗೆ ಇಟ್ಟರು. ತಂಗಿ ಎದ್ದಳು. ಸೀರೆ ಸರಿಮಾಡಿಕೊಂಡು, ಸೂಟ್‌ಕೇಸು ಎತ್ತಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬೀಗ ತೆಗೆದಳು. ಬಲಗಾಲಿಟ್ಟು ಒಳಗೆ ಹೋದವಳು ಕಿಟಕಿಗಳನ್ನೆಲ್ಲ ಧಡಧಡನೆ ತೆರೆದ ಸದ್ದು ಕೆಳಗೆ ಕೇಳಿಸಿತು. ನಾನು ನಿಂತಲ್ಲೇ ದೇವರಿಗೆ ಕೈ ಮುಗಿದೆ.

ಹಿರಿಯರಿಗೆ ಊಟಕ್ಕೆ ಏಳಿ ಅಂದರೆ ಕೇಳಲಿಲ್ಲ. ಬಸ್ಸಿದೆ, ಹೋಗಲೇಬೇಕು ಅಂತ ಅವಸರ ಅವಸರವಾಗಿ ಚಪ್ಪಲಿ ಮೆಟ್ಟಿ ಹೊರಟರು. ಗೇಟಿನ ತನಕ ಬಿಡಲು ಹೋದೆ. ಅವರು ಹಿಂದೆ ಮುಂದೆ ನೋಡಿ, ನನ್ನ ಚೀಲದ ಮೇಲೆ ಕೈಯಿಟ್ಟು, ದನಿ ತಗ್ಗಿಸಿದರು.

"ನೀನು ಭಕ್ತ ಮನುಷ್ಯ, ಯಾವಾಗಾದ್ರೂ ನಮ್ಮೂರ ದೇವ್ರಿಗೆ ಬಾ, ಸಂತೋಷ. ಈ ಚೀಲ ಮಾತ್ರ ಮನೇಲಿ ಬಿಟ್ಟು ಬಾರಪ್ಪ. ನಮ್ ದೊಡ್ಡ ಹುಡುಗ ಮಸ್ಕತ್‌ನಾಗವ್ನೆ, ನಮ್ಮನೆಯಾಕೆಗೆ ನಾನು ಏಳಿರೋ ರೇಟೇ ಬೇರೆ."